ಹಿಮಾಲಯಕ್ಕೆ ಮುಂಚೆ ತೆಂಗಿನ ತೋಟದಲ್ಲಿ ಒಂದು ರಾತ್ರಿ

ಅವ್ವನಿಗೆ ಐವತ್ತೆಂಟು. ಏಪ್ರಿಲ್‌ನಲ್ಲಿ ಉತ್ತರಾಖಂಡದ ಕೇದಾರಕಂಠ ಹತ್ತಿಸುತ್ತೀನಿ ಅಂದಾಗ ಅವಳು ಕೇಳಿದ ಮೊದಲ ಪ್ರಶ್ನೆ, ‘ಸೀರೆ ಉಟ್ಕಂಡು ಹತ್ಬೋದೇನ್ಲಾ?’ 12,500 ಅಡಿ ಎತ್ತರದ ಶಿಖರ ಅದು. ಅಲ್ಲಿಗೆ ಹೋದ ಮೇಲೆ ಟೆಂಟಿನ ಜಿಪ್ಪು ಕೈಕೊಟ್ಟರೆ ಯಾವ ಅಂಗಡಿಗೆ ಓಡುವುದು? ಅದಕ್ಕೇ ಸಂಕ್ರಾಂತಿ ಮುಗಿದ ಮೊದಲ ಶನಿವಾರ, ಪಾಂಡವಪುರ ತಾಲ್ಲೂಕಿನ ನಮ್ಮೂರ ತೋಟದಲ್ಲಿ ಇಬ್ಬರೂ ಒಂದು ರಾತ್ರಿ ಮಲಗಿ ನೋಡಿದೆವು. ಅಪ್ಪನನ್ನೋ ಅವ್ವನನ್ನೋ ಚಾರಣಕ್ಕೆ ಕರೆದೊಯ್ಯುವವರು ಮೊದಲು ಹೀಗೊಂದು ರಾತ್ರಿ ಕಳೆಯುವುದು ಒಳ್ಳೆಯದು.

ಜಾಗ ಮನೆಯ ಕೂಗಳತೆಯಲ್ಲೇ ಇರಲಿ. ಮೇಲುಕೋಟೆ ಕಾಡು ಕೈಬೀಸಿ ಕರೆಯುತ್ತದೆ ನಿಜ, ಆದರೆ ಅಲ್ಲಿರುವುದು ವನ್ಯಜೀವಿಧಾಮ. ಅನುಮತಿ ಇಲ್ಲದೆ ರಾತ್ರಿ ತಂಗುವಂತಿಲ್ಲ. ಇನ್ನು ಕಬ್ಬಿನ ಗದ್ದೆಯಲ್ಲಿ ಚಿರತೆ ಮರಿ ಹಾಕುವುದು ನಮ್ಮ ಕಡೆ ಹೊಸ ಸುದ್ದಿಯೇನಲ್ಲ. ನಿಂತ ಕಬ್ಬಿನ ಪಕ್ಕ ಬೇಡವೇ ಬೇಡ.

ತೂಕ

ಬ್ಯಾಗು ತುಂಬಿದ ಮೇಲೆ ತೂಗಲೇಬೇಕು. ನಾವು ಮೂಟೆ ತೂಗುವ ತಕ್ಕಡಿಗೇ ನೇತುಹಾಕಿದೆವು. ಹೊರುವ ಭಾರ ದೇಹದ ತೂಕದ ಐದನೇ ಒಂದು ಪಾಲು ದಾಟಬಾರದು ಎನ್ನುವುದು ಚಾರಣಿಗರ ರೂಢಿಯ ಲೆಕ್ಕ. ಅರವತ್ತರ ಆಸುಪಾಸಿನವರಿಗೆ ಹತ್ತನೇ ಒಂದು ಪಾಲೇ ಸಾಕು ಎನ್ನುವುದು ನನ್ನ ಲೆಕ್ಕ. ಅವ್ವ 52 ಕೆ.ಜಿ., ಅವಳ ಬ್ಯಾಗು 9 ಕೆ.ಜಿ. ಬಿಚ್ಚಿ ನೋಡಿದರೆ ಹಿತ್ತಾಳೆ ಚೊಂಬು, ಎರಡು ಸೀರೆ, ಗಾಜಿನ ಬಾಟಲಿಯಲ್ಲಿ ನಿಂಬೆ ಉಪ್ಪಿನಕಾಯಿ! ಚೊಂಬಿಗಾಗಿ ಅರ್ಧ ಗಂಟೆ ಜಗಳವಾಯಿತು. ಕೊನೆಗೆ ಐದೂವರೆ ಕೆ.ಜಿ.ಗೆ ಇಳಿಯಿತು. ನೀರನ್ನೂ ಲೆಕ್ಕಕ್ಕೆ ಹಿಡಿಯಿರಿ, ಲೀಟರಿಗೆ ಒಂದು ಕೆ.ಜಿ.

ನಡಿಗೆ

ಬ್ಯಾಗು ಹಾಕಿಕೊಳ್ಳುವುದಕ್ಕೂ ಒಂದು ಕ್ರಮ ಇದೆ. ಪಟ್ಟಿಗಳನ್ನೆಲ್ಲ ಸಡಿಲ ಮಾಡಿ, ಮೊದಲು ಸೊಂಟದ ಪಟ್ಟಿಯನ್ನು ಸೊಂಟದ ಮೂಳೆಯ ಮೇಲೆ ಕೂರಿಸಿ ಬಿಗಿಯಿರಿ. ಆಮೇಲೆ ಹೆಗಲಿನದು, ಕೊನೆಗೆ ಎದೆಯದು. ಭಾರದ ಬಹುಪಾಲು ಸೊಂಟಕ್ಕೆ ಬೀಳಬೇಕು, ಹೆಗಲಿಗಲ್ಲ. ತೂಕದ ಸಾಮಾನು ಬೆನ್ನಿಗೆ ಅಂಟಿದಂತೆ ನಡುಭಾಗದಲ್ಲಿರಲಿ.

ನಾಲೆ ಏರಿಯ ಮೇಲೆ ಎಂಟು ಕಿ.ಮೀ. ನಡೆದೆವು. ಎರಡನೇ ಕಿ.ಮೀ.ಗೇ ಅವ್ವ ನಿಂತಳು. ಸೀರೆಯ ನೆರಿಗೆ ಸಿಕ್ಕಿಸಿದ ಕಡೆಯೇ ಪಟ್ಟಿ ಒತ್ತುತ್ತಿತ್ತು. ಟವೆಲ್ ಸುತ್ತಿ ಸಿಂಬಿ ಮಾಡಿ ಪಟ್ಟಿಯ ಕೆಳಗೆ ತುರುಕಿಕೊಂಡು ಮತ್ತೆ ಹೊರಟಳು. ನಲವತ್ತು ವರ್ಷ ಹುಲ್ಲಿನ ಹೊರೆ ಹೊತ್ತವಳಿಗೆ ನಾನೇನು ಹೇಳಿಕೊಡಲಿ? ಆದರೂ ಸೀರೆಯ ಪ್ರಶ್ನೆಗೆ ಅಲ್ಲೇ ಉತ್ತರ ಸಿಕ್ಕಿತು. ಕೇದಾರಕಂಠಕ್ಕೆ ಚೂಡಿದಾರ್.

ಶೂ ಪರೀಕ್ಷೆಗೆ ಸಮತಟ್ಟಾದ ದಾರಿ ಸಾಲದು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು ಬ್ಯಾಗು ಹೊತ್ತೇ ಇಳಿದು ನೋಡಿ. ಇಳಿಯುವಾಗ ಹೆಬ್ಬೆರಳು ಮುಂದಕ್ಕೆ ಗುದ್ದಿದರೆ ಆ ಅಳತೆ ಸಣ್ಣದು.

ಟೆಂಟು

ಹಗಲಿದ್ದಾಗಲೇ ಒಮ್ಮೆ ಕಟ್ಟಿ ಬಿಚ್ಚಿ, ಕತ್ತಲಾದ ಮೇಲೆ ಹೆಡ್‌ಲ್ಯಾಂಪ್ ಬೆಳಕಲ್ಲಿ ಇನ್ನೊಮ್ಮೆ ಕಟ್ಟಿ. ನಾನು ಎರಡು ತೆಂಗಿನ ಮರಗಳ ನಡುವಿನ ಮೆತ್ತನೆ ಪಾತಿ ಆರಿಸಿಕೊಂಡೆ. ಗೂಟ ಸಲೀಸಾಗಿ ಇಳಿಯಿತು. ಅವ್ವ ನೋಡಿದವಳೇ, ‘ಅಲ್ ಬ್ಯಾಡ ಕಣ್ಲಾ, ನೀರ್ ಬತ್ತದೆ’ ಅಂದಳು. ಜನವರಿ, ಆಕಾಶದಲ್ಲಿ ಒಂದು ಚೂರು ಮೋಡವಿಲ್ಲ. ನಕ್ಕು ಸುಮ್ಮನಾದೆ. (ತೆಂಗಿನ ಮರದಡಿ ಟೆಂಟು ಹಾಕಿದ್ದು ಇನ್ನೊಂದು ದಡ್ಡತನ. ಕಾಯಿ, ಗರಿ ಬೀಳುವ ಕಡೆ ಮಲಗಬಾರದು.)

ರಾತ್ರಿ ಎರಡಕ್ಕೆ ತ್ರೀಫೇಸ್ ಕರೆಂಟು ಬಂತು. ಪಂಪ್‌ಸೆಟ್ಟಿನ ಆಟೋ ಸ್ಟಾರ್ಟರ್ ಆಫ್ ಮಾಡಿರಲಿಲ್ಲ. ಮೊದಲು ಗುಟುಗುಟು ಸದ್ದು, ಆಮೇಲೆ ಬೆನ್ನಡಿಯಲ್ಲಿ ಏನೋ ಹರಿದಂತೆ ತಣ್ಣಗಾಯಿತು. ಟಾರ್ಚ್ ಹಾಕಿದರೆ ಟೆಂಟು ಪಾತಿಯ ನೀರಲ್ಲಿ ದೋಣಿಯ ಹಾಗೆ ಕೂತಿದೆ. ‘ನಾನೇಳ್ಲಿಲ್ವಾ?’ ಎನ್ನುತ್ತ ಅವ್ವ ಸೀರೆ ಎತ್ತಿ ಕಟ್ಟಿ ಸ್ಟಾರ್ಟರ್ ಡಬ್ಬಿಯತ್ತ ನಡೆದಳು.

ಅದೇ ನೀರು ದೊಡ್ಡ ಉಪಕಾರ ಮಾಡಿತು. ಟೆಂಟಿನ ತಳ ತಡೆದುಕೊಂಡಿತ್ತು. ಬಲಗಡೆ ಮೂಲೆಯ ಹೊಲಿಗೆಯಲ್ಲಿ ಮಾತ್ರ ಹನಿ ಜಿನುಗಿತ್ತು. ಅಲ್ಲಿ ಸೀಮ್ ಸೀಲರ್ (ಹೊಲಿಗೆಯಲ್ಲಿ ನೀರು ಜಿನುಗದಂತೆ ತಡೆಯುವ ಅಂಟು) ಹಚ್ಚಿದರೆ ಮುಗಿಯಿತು. ನೀವು ರಾತ್ರಿ ಎರಡರವರೆಗೆ ಕಾಯಬೇಕಿಲ್ಲ, ಸಂಜೆಯೇ ಪೈಪು ಹಿಡಿದು ಹದಿನೈದು ನಿಮಿಷ ಮೇಲಿಂದ ನೀರು ಬಿಡಿ. ಬೆಳಿಗ್ಗೆ ಒಳಗೋಡೆ ಒದ್ದೆಯಾಗಿದ್ದರೆ ಸೋರಿಕೆ ಎಂದು ಗಾಬರಿಬೀಳಬೇಡಿ. ಅದು ನಿಮ್ಮ ಉಸಿರಿನ ಆವಿಯೂ ಇರಬಹುದು. ಗಾಳಿಕಿಂಡಿ ತೆರೆದಿಡಿ.

ಒಲೆ

ಗ್ಯಾಸ್ ಒಲೆ ಟೆಂಟಿನೊಳಗೆ ಹಚ್ಚಲೇಕೂಡದು. ಬೆಂಕಿಯ ಭಯವಷ್ಟೇ ಅಲ್ಲ, ಒಲೆಯಿಂದ ಹೊಮ್ಮುವ ವಿಷಾನಿಲ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಬರೀ ಬ್ಯುಟೇನ್ ಇರುವ ಡಬ್ಬಿ ಸೊನ್ನೆ ಡಿಗ್ರಿಯ ಹತ್ತಿರ ಆವಿಯಾಗದೆ ಮುಷ್ಕರ ಹೂಡುತ್ತದೆ. ಚಳಿಯ ಜಾಗಕ್ಕೆ ಪ್ರೊಪೇನ್ ಬೆರೆತದ್ದು ಬೇಕು. ಡಬ್ಬಿಯನ್ನು ವಿಮಾನದಲ್ಲಿ ಒಯ್ಯುವಂತಿಲ್ಲ, ಅಲ್ಲೇ ಕೊಳ್ಳಬೇಕು. ನಾನು ಒಲೆಯ ಜೊತೆ ಗುದ್ದಾಡುತ್ತಿರುವಾಗ ಅವ್ವ ರಾಗಿ ಹುರಿಹಿಟ್ಟಿಗೆ ಬೆಲ್ಲ, ನೀರು ಕಲಸಿ ತಿಂದು ಕೈ ತೊಳೆದಿದ್ದಳು. ಹುರಿಹಿಟ್ಟು ಒಯ್ಯುವ ಸಾಮಾನಿನ ಪಟ್ಟಿಗೆ ಸೇರಿತು.

ನಿದ್ದೆ

ಸ್ಲೀಪಿಂಗ್ ಬ್ಯಾಗಿನ ಚೀಟಿಯಲ್ಲಿ ಎರಡು ಉಷ್ಣಾಂಶ ಬರೆದಿದ್ದರೆ ‘ಕಂಫರ್ಟ್’ ಎಂದಿರುವುದನ್ನೇ ನಂಬಿ. ನಮ್ಮೂರ ಜನವರಿ ಚಳಿ ಹಿಮಾಲಯದ ಚಳಿಯನ್ನು ತೋರಿಸುವುದಿಲ್ಲ, ಒಪ್ಪಿದೆ. ಆದರೆ ಕತ್ತಲಲ್ಲಿ ಒಳಗಿನಿಂದ ಜಿಪ್ಪು ಬಿಚ್ಚಲು ಬರುತ್ತದೆಯೇ, ಕಾಲು ತುದಿಗೆ ತಾಗುತ್ತದೆಯೇ, ಇವು ಗೊತ್ತಾಗುತ್ತವೆ. ಅವ್ವ ರಾತ್ರಿ ಎರಡು ಸಲ ಎದ್ದಳು. ಎರಡು ಸಲವೂ ನನ್ನ ಮೇಲೆ ಹತ್ತಿಯೇ ಹೋಗಬೇಕಾಯಿತು. ಹಿರಿಯರ ಜೊತೆ ಹೋಗುವವರು ಎರಡು ಬಾಗಿಲಿನ ಟೆಂಟನ್ನೇ ಕೊಳ್ಳಿ. ಶೂ ಒಳಗಿಟ್ಟುಕೊಳ್ಳಿ, ಹಾಕುವ ಮುಂಚೆ ಒದರಿ. ಚೇಳಿಗೆ ಬೆಚ್ಚನೆ ಜಾಗ ಅಂದರೆ ಇಷ್ಟ. ಬಿ.ಪಿ. ಮಾತ್ರೆ ಬ್ಯಾಗಿನ ತಳದಲ್ಲಲ್ಲ, ಮೇಲಿನ ಜೇಬಲ್ಲಿ.

ಒದ್ದೆ ಟೆಂಟನ್ನು ಮಡಚಿಟ್ಟರೆ ಬೂಷ್ಟು ಹಿಡಿದು ಮುಗ್ಗಲು ವಾಸನೆ ಬರುತ್ತದೆ. ಪೂರ್ತಿ ಒಣಗಿಸಿ. ನಮ್ಮದು ಒಣಗುವಷ್ಟರಲ್ಲಿ ಮಧ್ಯಾಹ್ನವಾಯಿತು. ಮಡಚೋಣ ಅಂತ ಕಣಕ್ಕೆ ಹೋದರೆ, ಟೆಂಟಿನ ಕೆಳಗೆ ಹಾಸುವ ಶೀಟಿನ ಮೇಲೆ ಅವ್ವ ಆಗಲೇ ಹುರುಳಿ ಹರವಿಬಿಟ್ಟಿದ್ದಳು.