ಬೆಳಗ್ಗೆ ಬೆಟ್ಟ, ಸಂಜೆ ಬೇಲೂರು: ಡಿಸೆಂಬರ್ ರಜೆಯಲ್ಲಿ ಒಂದು ದಿನದ ಸುತ್ತು

ಚಿಕ್ಕಮಗಳೂರಿನಿಂದ ಹೊರಟು ಕತ್ತಲಾಗುವಷ್ಟರಲ್ಲಿ ಮನೆ ಸೇರಬೇಕು ಅಂದರೆ ನಾನು ಹಾಕುವ ಲೆಕ್ಕ ಇಷ್ಟೇ: ಮುಳ್ಳಯ್ಯನಗಿರಿ, ಬೆಳವಾಡಿ, ಹಳೇಬೀಡು, ಬೇಲೂರು. ಈ ಕ್ರಮದಲ್ಲೇ. ಒಟ್ಟು ಸುಮಾರು 125 ಕಿ.ಮೀ. ಝರಿ ಜಲಪಾತ, ಬಾಬಾಬುಡನ್‌ಗಿರಿ, ಹೆಬ್ಬೆ ಎಲ್ಲವನ್ನೂ ಇದೇ ದಿನಕ್ಕೆ ತುರುಕಿದರೆ ಯಾವುದನ್ನೂ ನೋಡಿದ ಹಾಗಾಗುವುದಿಲ್ಲ. ಮನೆಯಲ್ಲಿ ಯಾರು ಎಷ್ಟೇ ಒತ್ತಾಯ ಮಾಡಿದರೂ ಬೆಟ್ಟ ಒಂದೇ ಸಾಕು.

ಈ ಕ್ರಮಕ್ಕೆ ಕಾರಣ ಜನಸಂದಣಿ. ಬೆಂಗಳೂರಿನಿಂದ ನಸುಕಿನಲ್ಲಿ ಹೊರಟ ಕಾರುಗಳು ಹಾಸನದ ಮೇಲೆ ಬಂದು ಹತ್ತು, ಹನ್ನೊಂದಕ್ಕೆ ಬೇಲೂರು, ಹಳೇಬೀಡಿನಲ್ಲಿ ಇರುತ್ತವೆ. ಡಿಸೆಂಬರ್ ಶಾಲಾ ಪ್ರವಾಸದ ಕಾಲ ಬೇರೆ, ಬಸ್ಸುಗಳೂ ಅದೇ ಹೊತ್ತಿಗೆ ಬರುತ್ತವೆ. ಊಟ ಮುಗಿಸಿ ಇವರೆಲ್ಲ ಚಿಕ್ಕಮಗಳೂರಿನ ಕಡೆ ಹೊರಡುತ್ತಾರೆ. ನಾವು ಅವರಿಗೆ ಎದುರು ದಿಕ್ಕಿನಲ್ಲಿ ಸಾಗಬೇಕು: ಅವರು ಬರುವ ಮುಂಚೆ ಬೆಟ್ಟ ಇಳಿದಿರಬೇಕು, ಅವರು ಎದ್ದು ಹೋದ ಮೇಲೆ ಹಳೇಬೀಡಿನ ದೇವಸ್ಥಾನದೊಳಗೆ ಕಾಲಿಡಬೇಕು.

ಮೊದಲು ದಿನ ಆರಿಸಿಕೊಳ್ಳಿ. ಮಾರ್ಗಶಿರ ಹುಣ್ಣಿಮೆಗೆ ಬಾಬಾಬುಡನ್‌ಗಿರಿಯಲ್ಲಿ ದತ್ತ ಜಯಂತಿ; ಅದರ ಆಸುಪಾಸಿನ ದಿನಗಳಲ್ಲಿ ಬೆಟ್ಟದ ದಾರಿಯಲ್ಲಿ ಪ್ರವಾಸಿಗರಿಗೆ ನಿರ್ಬಂಧ ಹಾಕುತ್ತಾರೆ. ವೈಕುಂಠ ಏಕಾದಶಿ ಧನುರ್ಮಾಸದಲ್ಲಿ ಬರುತ್ತದೆ, ಆ ದಿನ ಬೇಲೂರಿನಲ್ಲಿ ಸಾಲು ಕರಗುವುದೇ ಇಲ್ಲ. ಹಳೇಬೀಡಿನ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ಇವನ್ನು ಬಿಟ್ಟು ಮಂಗಳವಾರವೋ ಬುಧವಾರವೋ ಸಿಕ್ಕರೆ ಒಳ್ಳೆಯದು. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ಶನಿವಾರ, ಭಾನುವಾರಗಳ ಆಸೆಯನ್ನು ಬಿಟ್ಟೇಬಿಡಿ.

2025ರ ಸೆಪ್ಟೆಂಬರ್‌ನಿಂದ ಮುಳ್ಳಯ್ಯನಗಿರಿ ಸೇರಿದ ಚಂದ್ರದ್ರೋಣ ಬೆಟ್ಟಗಳಿಗೆ ಹೋಗುವ ವಾಹನಗಳು ಮುಂಚಿತವಾಗಿ ಆನ್‌ಲೈನ್‌ನಲ್ಲಿ ನೋಂದಣಿ ಮಾಡಿಸಬೇಕು. ಬೆಳಗಿನದೊಂದು ಪಾಳಿ, ಮಧ್ಯಾಹ್ನದ್ದೊಂದು. ಈ ಸುತ್ತಿಗೆ ಬೆಳಗಿನದೇ ಬೇಕು, ಹಾಗಾಗಿ ಅದು ಸಿಕ್ಕಿದ ಮೇಲೆ ಉಳಿದದ್ದನ್ನು ಯೋಚಿಸಿ. ಚೀಟಿಯನ್ನು ಫೋನಿನಲ್ಲಿ ಫೋಟೋ ಆಗಿ ಉಳಿಸಿಕೊಳ್ಳಿ, ಬೆಟ್ಟದ ದಾರಿಯಲ್ಲಿ ನೆಟ್‌ವರ್ಕ್ ನಂಬುವ ಹಾಗಿಲ್ಲ. ಪೆಟ್ರೋಲ್ ಹಿಂದಿನ ರಾತ್ರಿಯೇ ಹಾಕಿಸಿ. ಲೀಟರಿಗೆ 15 ಕಿ.ಮೀ. ಕೊಡುವ ಕಾರು ಏರಿನಲ್ಲಿ ಹತ್ತೋ ಹನ್ನೊಂದೋ ಕೊಟ್ಟೀತು, 10 ಲೀಟರ್ ಇದ್ದರೆ ಇಡೀ ದಿನಕ್ಕೆ ಸಾಕು.

ಬೆಳಗ್ಗೆ 5.15ಕ್ಕೆ ಮನೆ ಬಿಟ್ಟರೆ ಕೈಮರದ ತನಿಖಾ ಠಾಣೆಯಲ್ಲಿ ಮೊದಲ ಕೆಲವು ಕಾರುಗಳಲ್ಲಿ ನೀವೂ ಒಬ್ಬರು. ಡಿಸೆಂಬರ್ ಕೊನೆಯಲ್ಲಿ ಇಲ್ಲಿ ಸೂರ್ಯ ಹುಟ್ಟುವುದು 6.45ರ ಸುಮಾರಿಗೆ. ಆರಕ್ಕೆ ಗೇಟು ದಾಟಿ, ಅರ್ಧ ಗಂಟೆ ಏರಿ, ಕಾರು ನಿಲ್ಲಿಸಿ, ಮೆಟ್ಟಿಲು ಹತ್ತುವಷ್ಟರಲ್ಲಿ ಅದು ಮೇಲೆ ಬಂದಿರುತ್ತದೆ. ಸೂರ್ಯೋದಯ ಶಿಖರದ ತುದಿಯಲ್ಲೇ ಬೇಕೆಂದು ಹಟ ಹಿಡಿದು ತಿರುವುಗಳಲ್ಲಿ ಓವರ್‌ಟೇಕ್ ಮಾಡಬೇಡಿ. ಸೀತಾಳಯ್ಯನಗಿರಿಯ ಹತ್ತಿರದಿಂದಲೂ ಚೆನ್ನಾಗಿಯೇ ಕಾಣುತ್ತದೆ. ಅಲ್ಲಿಂದ ಮುಂದಿನ ರಸ್ತೆ ಬಹಳ ಕಿರಿದು. ಎದುರಿಗೆ ಗಾಡಿ ಬಂದರೆ ಯಾರಾದರೊಬ್ಬರು ರಿವರ್ಸ್ ತೆಗೆಯಲೇಬೇಕು, ಆ ಕೈಚಳಕ ಇಲ್ಲದವರು ಕೆಳಗೇ ನಿಲ್ಲಿಸಿ ಬಾಡಿಗೆ ಜೀಪು ಹಿಡಿಯುವುದು ಲೇಸು. ಟೆಂಪೊ ಟ್ರಾವೆಲರ್, ಮಿನಿ ಬಸ್ಸು ಇಲ್ಲಿಗೆ ಹೇಳಿಸಿದ್ದಲ್ಲ. ಇಳಿಜಾರಿನಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಡಿ. ಇಳಿಯುವಾಗ ಆ ಕಲ್ಲನ್ನು ರಸ್ತೆ ಮಧ್ಯದಲ್ಲೇ ಬಿಟ್ಟು ಹೋಗುವವರಿಗೆ ಏನು ಹೇಳಬೇಕೋ!

ಮುಳ್ಳಯ್ಯನಗಿರಿಯದು 1,930 ಮೀಟರ್ ಎತ್ತರ, ಕರ್ನಾಟಕದಲ್ಲಿ ಇದಕ್ಕಿಂತ ಎತ್ತರದ ಜಾಗ ಇಲ್ಲ. ಚಳಿಗಿಂತ ಗಾಳಿಯೇ ಜೋರು, ದಪ್ಪ ಸ್ವೆಟರ್ ಒಂದರ ಬದಲು ಗಾಳಿ ತಡೆಯುವ ಜಾಕೆಟ್ಟೂ ಕಿವಿ ಮುಚ್ಚುವ ಟೋಪಿಯೂ ಇರಲಿ. ತಲೆಗೊಂದು ಲೀಟರ್ ನೀರು. ಮಂಜು ಮುಸುಕಿದ್ದರೆ ಕೂಡಲೇ ಇಳಿಯಬೇಡಿ, ಬಿಸಿಲೇರಿದಂತೆ ಎಷ್ಟೋ ಸಲ ಎಂಟರ ಹೊತ್ತಿಗೆ ಬಿಡುತ್ತದೆ. ಹುಲ್ಲು ಆಗಲೇ ಒಣಗಲು ಶುರುವಾಗಿರುತ್ತದೆ, ಬೀಡಿ ಸಿಗರೇಟು ಕಾರಿನಲ್ಲೂ ಬೇಡ.

ಎಂಟಕ್ಕೆ ಇಳಿಯಲು ಶುರು ಮಾಡಿ. ಹತ್ತಿದ ಗೇರಿನಲ್ಲೇ ಇಳಿಯಬೇಕು, ಅಂದರೆ ಹೆಚ್ಚಾಗಿ ಎರಡನೆಯದು. ಆಟೋಮ್ಯಾಟಿಕ್ ಕಾರಿನವರು ‘ಡಿ’ಯಲ್ಲೇ ಬಿಟ್ಟು ಬ್ರೇಕ್ ಒತ್ತುತ್ತಾ ಬಂದರೆ ಕೈಮರ ತಲುಪುವ ಮೊದಲೇ ಸುಟ್ಟ ವಾಸನೆ ಬರುತ್ತದೆ, ಎಲ್ ಅಥವಾ ಮ್ಯಾನುವಲ್‌ಗೆ ಹಾಕಿ. ವಾಸನೆ ಬಂದರೆ ಅಗಲ ಇರುವ ಕಡೆ ನಿಲ್ಲಿಸಿ ಇಪ್ಪತ್ತು ನಿಮಿಷ ಆರಲು ಬಿಡಿ. ಬಿಸಿ ಡಿಸ್ಕಿಗೆ ನೀರು ಸುರಿಯಬಾರದು, ಸೊಟ್ಟಗಾಗುತ್ತದೆ. ಎದುರಿನಿಂದ ತೋಟದ ಆಳುಗಳನ್ನು ತುಂಬಿಕೊಂಡ ಜೀಪು, ಪಿಕಪ್‌ಗಳು ಬರುವ ಹೊತ್ತೂ ಅದೇ. ಅರೇಬಿಕಾ ಕೊಯ್ಲಿನ ಕಾಲ. ಅವರಿಗೆ ದಾರಿ ಬಿಡಿ.

ತಿಂಡಿ ಬೆಟ್ಟ ಇಳಿದ ಮೇಲೆ, ಪೇಟೆಯಲ್ಲಿ. ಖಾಲಿ ಹೊಟ್ಟೆಗೂ ಅಲ್ಲ, ಪೂರಿ ಸಾಗು ತಿಂದೂ ಅಲ್ಲ, ಒಂದೆರಡು ಬಿಸ್ಕತ್ತು ತಿಂದು ಹತ್ತಿದರೆ ಮಕ್ಕಳಿಗೆ ತಿರುವಿನಲ್ಲಿ ವಾಂತಿ ಕಡಿಮೆ.

ಹತ್ತಕ್ಕೆ ಜಾವಗಲ್ ರಸ್ತೆ ಹಿಡಿಯಿರಿ. ಬೆಳವಾಡಿ 29 ಕಿ.ಮೀ. ಮಲೆನಾಡು ಹಿಂದೆ ಉಳಿದು ಬಯಲುಸೀಮೆ ಶುರುವಾಗುವುದು ಇಲ್ಲೇ. ಈ ದಾರಿಯಲ್ಲೊಂದು ಅಪಾಯ ಹೊರಗಿನವರಿಗೆ ತಿಳಿದಿರುವುದಿಲ್ಲ: ಸುಗ್ಗಿಯ ಕಾಲವಾದ್ದರಿಂದ ರಾಗಿ, ಹುರುಳಿ ತೆನೆಗಳನ್ನು ರಸ್ತೆಯ ಮೇಲೇ ಹರಡಿ ಒಕ್ಕಣೆ ಮಾಡುತ್ತಾರೆ. ಬೈಕು ಜಾರುತ್ತದೆ. ಕಾರಿಗೆ ಹುರುಳಿ ಸೊಪ್ಪು ಅಡಿಯಲ್ಲಿ ಸುತ್ತಿಕೊಂಡು, ಬಿಸಿಯಾದ ಸೈಲೆನ್ಸರಿಗೆ ತಾಗಿ ಹೊತ್ತಿಕೊಂಡದ್ದೂ ಉಂಟು. ಪಕ್ಕದಲ್ಲಿ ಜಾಗ ಇದ್ದರೆ ತಪ್ಪಿಸಿ. ಇಲ್ಲದಿದ್ದರೆ ನಿಧಾನಕ್ಕೆ ದಾಟಿ, ಸ್ವಲ್ಪ ಮುಂದೆ ನಿಲ್ಲಿಸಿ ಬಗ್ಗಿ ನೋಡಿ, ಸಿಕ್ಕಿದ್ದನ್ನು ಎಳೆದು ತೆಗೆಯಿರಿ.

ಬೆಳವಾಡಿಯ ವೀರನಾರಾಯಣ ದೇವಸ್ಥಾನ ಎರಡನೆಯ ವೀರಬಲ್ಲಾಳನ ಕಾಲದ್ದು, ತ್ರಿಕೂಟ, ಅಂದರೆ ಮೂರು ಗರ್ಭಗುಡಿಗಳದ್ದು: ವೀರನಾರಾಯಣ, ವೇಣುಗೋಪಾಲ, ಯೋಗಾನರಸಿಂಹ. ಗೋಡೆಗಳಲ್ಲಿ ಹಳೇಬೀಡಿನಷ್ಟು ಕೆತ್ತನೆ ಇಲ್ಲ, ಆದರೆ ಕಡೆದು ನಯ ಮಾಡಿದ ಕಂಬಗಳ ಸಾಲು ಹೊಂದಿರುವ ವಿಶಾಲ ಮಂಟಪ ಇಲ್ಲಿದೆ. ಹೊರಗೆ ಬಿಸಿಲೇರಿದಾಗ ಒಳಗೆ ತಂಪು. ರಜೆಯಲ್ಲೂ ಇಲ್ಲಿ ಗದ್ದಲವಿಲ್ಲ. ಮಕ್ಕಳು ಕೂತು ವೇಣುಗೋಪಾಲನ ಪ್ರಭಾವಳಿಯ ದನಗಳನ್ನೂ ಗೋಪಿಯರನ್ನೂ ಎಣಿಸಬಹುದು. ಒಂದು ಗಂಟೆ ಕೊಡಿ.

ಅಲ್ಲಿಂದ ಹಳೇಬೀಡು ಹತ್ತು ಹನ್ನೆರಡು ಕಿ.ಮೀ. ನೇರ ಹೊಯ್ಸಳೇಶ್ವರಕ್ಕೆ ಹೋಗಬೇಡಿ. ಮಧ್ಯಾಹ್ನ 12ರಿಂದ 1ರವರೆಗೆ ಬಸದಿಹಳ್ಳಿ ನೋಡಿ. ಪಾರ್ಶ್ವನಾಥ ಬಸದಿಯನ್ನು 1133ರಲ್ಲಿ ಹೊಯ್ಸಳರ ದಂಡನಾಯಕ ಗಂಗರಾಜನ ನೆನಪಿಗೆ ಅವನ ಮಗ ಬೊಪ್ಪ ಕಟ್ಟಿಸಿದ್ದು. ಒಳಗಿನ ಕಂಬಗಳು ಮುಖ ಕಾಣುವಷ್ಟು ಹೊಳೆಯುತ್ತವೆ.

ನಂತರ ಬುತ್ತಿ. ಹಳೇಬೀಡು, ಬೇಲೂರು ಎರಡೂ ಊರಿನ ಹೋಟೆಲುಗಳಲ್ಲಿ ಆ ಹೊತ್ತಿಗೆ ಕೂರಲು ಜಾಗ ಸಿಗುವುದಿಲ್ಲ. ಆರು ಜನಕ್ಕೆ ಎರಡೂವರೆ ಪಾವು ಅಕ್ಕಿಯ ಪುಳಿಯೋಗರೆ, ಒಂದು ಪಾವಿನ ಮೊಸರನ್ನ. ಬೆಳಗ್ಗೆ ಕಲಸಿದ ಮೊಸರನ್ನ ಮಧ್ಯಾಹ್ನಕ್ಕೆ ಹುಳಿಯಾಗುವುದು ಮೊಸರು ಹೆಚ್ಚಾದ್ದರಿಂದ: ಮೆತ್ತಗೆ ಬೆಂದ ಅನ್ನಕ್ಕೆ ಮುಕ್ಕಾಲು ಲೀಟರ್ ಕಾಯಿಸಿ ಆರಿಸಿದ ಹಾಲು ಸುರಿದು, ಎರಡೇ ಚಮಚ ಮೊಸರು ಹಾಕಿ ಕಲಸಿ. ಮಧ್ಯಾಹ್ನ ಒಂದರ ಹೊತ್ತಿಗೆ ಸರಿಯಾಗಿ ಹೆಪ್ಪಾಗಿರುತ್ತದೆ. ಈರುಳ್ಳಿ ಹಾಕಬೇಡಿ. ದೇವಸ್ಥಾನಗಳ ಹುಲ್ಲುಹಾಸಿನ ಮೇಲೆ ತಿನ್ನಲು ಬಿಡುವುದಿಲ್ಲ, ದ್ವಾರಸಮುದ್ರ ಕೆರೆಯ ಕಡೆ ನೆರಳು ಹುಡುಕಿ. ಎಲೆ, ಕವರುಗಳಿಗೆ ಒಂದು ಚೀಲ ಇರಲಿ.

ಹೊಯ್ಸಳೇಶ್ವರಕ್ಕೆ ಎರಡರ ಮೇಲೆ. ಜನ ಕಡಿಮೆಯಾಗುವುದು ಒಂದು ಕಾರಣ, ಬೆಳಕು ಇನ್ನೊಂದು. ಗರ್ಭಗುಡಿಗಳ ಮುಖ ಪೂರ್ವಕ್ಕೆ, ದೊಡ್ಡ ವಿಗ್ರಹಗಳು ತುಂಬಿದ ಗೋಡೆ ಪಶ್ಚಿಮಕ್ಕೆ. ಬೆಳಗ್ಗೆ ಆ ಗೋಡೆ ನೆರಳಿನಲ್ಲಿ ಸಪ್ಪೆಯಾಗಿರುತ್ತದೆ. ಎರಡೂವರೆ ಮೂರಕ್ಕೆ ಓರೆ ಬಿಸಿಲು ಬಿದ್ದಾಗ ಬಳಪದ ಕಲ್ಲಿನ ಒಂದೊಂದು ಸರವೂ ಬೇರೆಯಾಗಿ ಏಳುತ್ತದೆ. ಕೆಳಗಿನಿಂದ ಮೇಲಕ್ಕೆ ಪಟ್ಟಿಗಳನ್ನು ಓದಿ: ಆನೆ, ಸಿಂಹ, ಬಳ್ಳಿ, ಕುದುರೆ, ಮತ್ತೆ ಬಳ್ಳಿ, ಪುರಾಣದ ಕಥೆ, ಮಕರ, ಹಂಸ. ಪ್ರದಕ್ಷಿಣೆಯಾಗಿಯೇ ನಡೆಯಿರಿ. ಕಲ್ಲುಹಾಸು ಸುಡುತ್ತದೆ, ದಪ್ಪ ಕಾಲುಚೀಲ ಮರೆಯಬೇಡಿ.

ಬೇಲೂರು 16 ಕಿ.ಮೀ. ಇಲ್ಲಿನ ಚೆನ್ನಕೇಶವನದು ಪೂಜೆ ನಡೆಯುವ ಗುಡಿ, ಮಧ್ಯಾಹ್ನ ಗರ್ಭಗುಡಿಯ ಬಾಗಿಲು ಹಾಕುತ್ತಾರೆ. ಮೂರೂವರೆ ನಾಲ್ಕಕ್ಕೆ ತಲುಪಿದರೆ ಆ ತಾಪತ್ರಯ ಇಲ್ಲ. ಹಳೇಬೀಡನ್ನು ನೀವೇ ಸುತ್ತಿ ನೋಡಬಹುದು, ಬೇಲೂರಿಗೆ ಮಾತ್ರ ಗುರುತಿನ ಚೀಟಿ ಇರುವ ಗೈಡ್ ಬೇಕು, ದುಡ್ಡು ಮೊದಲೇ ಮಾತಾಡಿಕೊಳ್ಳಿ. ಒಳಗಿನ ಕತ್ತಲಲ್ಲಿ ಯಾವ ಕಂಬಕ್ಕೆ ಎಲ್ಲಿಂದ ಬೆಳಕು ಬಿಡಬೇಕು ಅನ್ನುವುದು ಅವರಿಗೇ ಗೊತ್ತು. 42 ಮದನಿಕೆಯರಲ್ಲಿ 38 ಹೊರಗೆ, ಸೂರಿನ ಕೆಳಗೆ ಎತ್ತರದಲ್ಲಿದ್ದಾರೆ, ನಾಲ್ವರು ಒಳಗೆ. ಚಿಕ್ಕ ದುರ್ಬೀನು ಇದ್ದರೆ ಕುತ್ತಿಗೆ ನೋವು ತಪ್ಪುತ್ತದೆ.

ಐದೂವರೆಗೆ ಕಾಫಿ ಕುಡಿದು ಹೊರಟರೆ ಚಿಕ್ಕಮಗಳೂರು 25 ಕಿ.ಮೀ. ಕಾರಿಲ್ಲದವರು ಬೆಟ್ಟಕ್ಕೆ ಜೀಪು, ಬೇಲೂರು ಹಳೇಬೀಡಿಗೆ ಕೆಎಸ್‌ಆರ್‌ಟಿಸಿ ಹಿಡಿಯಬಹುದು. ಬೆಳವಾಡಿಗೆ ಹಳೇಬೀಡಿನಿಂದ ಹೋಗಿಬರುವ ಆಟೋ ಮಾತಾಡಿ.

ಬೆಟ್ಟದ ಬೆಳಗಿನ ಪಾಳಿ ಸಿಗದಿದ್ದರೆ ಮಧ್ಯಾಹ್ನದ್ದನ್ನು ತೆಗೆದುಕೊಂಡು ಕ್ರಮ ತಿರುಗಿಸಬೇಡಿ, ಎಲ್ಲರ ಜೊತೆಗೇ ಸಿಕ್ಕಿಹಾಕಿಕೊಳ್ಳುತ್ತೀರಿ. ಅದರ ಬದಲು ಬೆಳಗ್ಗೆ ಹಿರೇಕೊಳಲೆ ಕೆರೆಗೆ ಹೋಗಿ, ಪೇಟೆಯಿಂದ ಹತ್ತು ಕಿ.ಮೀ. ಊರಿಗೆ ಕುಡಿಯುವ ನೀರು ಕೊಡುವ ಕೆರೆ, ಇಳಿಯಬಾರದು. ಏರಿಯ ಮೇಲೆ ಒಂದು ಗಂಟೆ ಸಾಕು. ಒಂಬತ್ತಕ್ಕೆ ತಿಂಡಿ, ಹತ್ತಕ್ಕೆ ಅದೇ ಜಾವಗಲ್ ರಸ್ತೆ.