ಹುಣಸೆಹಣ್ಣು, ಸಂಡಿಗೆ ಒಣಹಾಕುವವರು ಮೋಡ ನೋಡಿಕೊಳ್ಳಿ

ಭರಣಿ ಮಳೆಯ ದಿನಗಳಿವು. ಹವಾಮಾನ ಇಲಾಖೆಯ ವಾರದ ಮುನ್ಸೂಚನೆಯಲ್ಲಿ ‘ಅಲ್ಲಲ್ಲಿ ಗುಡುಗು ಸಹಿತ ಮಳೆ’ ಅಂತ ಇದ್ದರೆ ಅದು ಇಡೀ ಜಿಲ್ಲೆಗೆ ಹೇಳಿದ್ದು. ಪಕ್ಕದೂರಲ್ಲಿ ಸುರಿದು ನಮ್ಮಲ್ಲಿ ಒಂದು ಹನಿಯೂ ಬೀಳದಿರಬಹುದು. ಹಾಗಾಗಿ ಆಕಾಶಾನೂ ನೋಡಬೇಕು.

ಬೆಳಗ್ಗೆಯಿಂದ ನೆಲ ಕಾದು ಬಿಸಿಗಾಳಿ ಮೇಲೇರುತ್ತದೆ. ಒಂದು ಕಿಲೋಮೀಟರ್ ಏರಿದರೆ ಸುಮಾರು 10 ಡಿಗ್ರಿ ತಣ್ಣಗಾಗುತ್ತದೆ. ಆಗ ಅದರಲ್ಲಿದ್ದ ನೀರಾವಿ ಧೂಳಿನ ಕಣಗಳ ಮೇಲೆ ಸಣ್ಣ ಸಣ್ಣ ಹನಿಯಾಗುತ್ತದೆ. ಅದೇ ಮೋಡ. ಆವಿ ಹನಿಯಾಗುವ ಎತ್ತರ ಸುತ್ತಮುತ್ತ ಹೆಚ್ಚುಕಮ್ಮಿ ಒಂದೇ, ಅದಕ್ಕೇ ಮೋಡದ ತಳ ಚಪ್ಪಟೆ ಕಾಣುತ್ತದೆ.

ಮಧ್ಯಾಹ್ನ 12ರ ಹೊತ್ತಿಗೆ ಮೋಡ ಚಿಕ್ಕದಾಗಿ ಅಲ್ಲೊಂದು ಇಲ್ಲೊಂದು ಇದ್ದರೆ ಸದ್ಯಕ್ಕೆ ಚಿಂತೆಯಿಲ್ಲ. ಅಗಲಕ್ಕಿಂತ ಎತ್ತರ ಜಾಸ್ತಿಯಾಗಿ, ಹೂಕೋಸಿನ ಹಾಗೆ ಉಬ್ಬುತ್ತಿದ್ದರೆ ಊಟಕ್ಕೆ ಕೂರುವ ಮುಂಚೆಯೇ ಎತ್ತಿಡಿ. ತಳ ಕಪ್ಪಾಗಿ, ಇದ್ದಕ್ಕಿದ್ದಂತೆ ತಣ್ಣನೆ ಗಾಳಿ ಬೀಸಿತೋ, ಮಳೆ ಹತ್ತಿರವೇ ಇದೆ.

ಗುಡುಗು ಕೇಳಿದ ಮೇಲೆ ಮಾತ್ರ ಚಾಪೆ ತರಲು ಮಾಳಿಗೆ ಹತ್ತಲೇಬೇಡಿ. ಸಂಡಿಗೆ ನೆನೆದರೆ ನೆನೆಯಲಿ. ಸಿಡಿಲಿನ ಎಚ್ಚರಿಕೆ ಕೊಡುವ ‘ದಾಮಿನಿ’ ಆ್ಯಪ್ ಇದೆ, ಮನೆಯಲ್ಲಿ ಒಬ್ಬರ ಫೋನಿಗಾದರೂ ಹಾಕಿಸಿಕೊಳ್ಳಿ.