ಲಿಫ್ಟ್ ಕೆಲಸಕ್ಕೆ ಜೇಬಿನ ಟಾರ್ಚ್: ನಾನು ಹೇಗೆ ಪರೀಕ್ಷೆ ಮಾಡುತ್ತೇನೆ

ನಾನು ಬೆಂಗಳೂರಿನಲ್ಲಿ ಲಿಫ್ಟ್ ಸರ್ವಿಸ್ ಕೆಲಸ ಮಾಡುತ್ತೇನೆ. ಜಯನಗರದ ಹಳೇ ಬಿಲ್ಡಿಂಗಿಂದ ಹಿಡಿದು ವೈಟ್‌ಫೀಲ್ಡಿನ ದೊಡ್ಡ ಅಪಾರ್ಟ್‌ಮೆಂಟ್‌ವರೆಗೆ ಓಡಾಟ. ಲಿಫ್ಟ್ ಓಡಾಡುವ ಶಾಫ್ಟ್, ಅದರ ತಳದ ಗುಂಡಿ ಅಂದರೆ ಪಿಟ್, ಮೇಲಿನ ಮಷೀನ್ ರೂಮು, ಎಲ್ಲಾ ಕಡೆ ಕತ್ತಲೆ. ಅಂಗೈಯಲ್ಲಿ ಹಿಡಿಸುವ, ಒಂದೇ ಸೆಲ್ಲಿನ, ಜೋರು ಬೆಳಕಿನ ಎಲ್‌ಇಡಿ ಟಾರ್ಚ್ ಈಗ ಬೇಕಾದಷ್ಟು ಸಿಗುತ್ತವೆ. "ಅಣ್ಣಾ, ಯಾವುದು ತಗೊಳ್ಳಲಿ" ಅಂತ ಹೊಸ ಹುಡುಗರು ಕೇಳುತ್ತಲೇ ಇರುತ್ತಾರೆ. ನಾನು ಮಾಡೆಲ್ ಹೆಸರು ಹೇಳುವುದಿಲ್ಲ, ಏನು ನೋಡಬೇಕು ಅಂತ ಹೇಳುತ್ತೇನೆ. ಅದನ್ನೇ ಇಲ್ಲಿ ಬರೆದಿದ್ದೇನೆ.

ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿ ಇರುವುದು ಲ್ಯೂಮೆನ್. ಒಟ್ಟು ಎಷ್ಟು ಬೆಳಕು ಹೊರಗೆ ಬರುತ್ತದೆ ಅನ್ನೋ ಲೆಕ್ಕ ಅದು. ಆ ಬೆಳಕು ಒಂದೇ ಕಡೆ ಗುರಿಯಿಟ್ಟು ಹೋಗುತ್ತದೋ, ಸುತ್ತ ಹರಡುತ್ತದೋ ಅಂತ ತಿಳಿಯಬೇಕಾದರೆ ಕ್ಯಾಂಡೆಲಾ ನೋಡಬೇಕು. ಎಫ್‌ಎಲ್1 ಅಂತ ಒಂದು ಅಮೆರಿಕನ್ ಸ್ಟ್ಯಾಂಡರ್ಡ್ ಇದೆ, ಒಳ್ಳೆ ಕಂಪನಿಗಳು ಅದರ ಪ್ರಕಾರ ಅಳೆದು ಬರೆಯುತ್ತವೆ. ಅದರಲ್ಲಿ ದೂರ ಅಂದರೆ ಬೆಳಕು 0.25 ಲಕ್ಸ್‌ಗೆ ಇಳಿಯುವ ಜಾಗ, ಹೆಚ್ಚುಕಡಿಮೆ ಹುಣ್ಣಿಮೆ ಬೆಳದಿಂಗಳಷ್ಟು (ಲಕ್ಸ್ ಅಂದರೆ ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ). 200 ಮೀಟರ್ ಅಂತ ಬರೆದಿದ್ದರೆ ಅಷ್ಟು ದೂರದಲ್ಲಿ ನಿಂತವರ ಮುಖ ಚೆನ್ನಾಗಿ ಕಾಣುತ್ತದೆ ಅಂತ ಅರ್ಥ ಅಲ್ಲ. ರನ್‌ಟೈಮ್ ಕೂಡ ಹೀಗೇ, ಬೆಳಕು ಶುರುವಿನ ಶೇಕಡಾ 10ಕ್ಕೆ ಇಳಿಯುವವರೆಗಿನ ಸಮಯವನ್ನು ಅವರು ಬರೆಯುವುದು.

ದೂರವನ್ನು ನಾವೇ ಸುಮಾರಾಗಿ ಅಳೆಯಬಹುದು. ರಾತ್ರಿ ಬೇಸ್‌ಮೆಂಟ್ ಪಾರ್ಕಿಂಗಿನ ಖಾಲಿ ಮೂಲೆಗೆ ಹೋಗಿ, 5 ಮೀಟರ್ ಟೇಪ್ ಹಿಡಿದು, ಬೆಳಕಿನ ನಡುಮಧ್ಯಕ್ಕೆ ಲಕ್ಸ್ ಮೀಟರ್ ಇಡುತ್ತೇನೆ. 400 ಲಕ್ಸ್ ಬಂತು ಅಂದುಕೊಳ್ಳಿ. ಅದನ್ನು 5ರ ವರ್ಗ, ಅಂದರೆ 25ರಿಂದ ಗುಣಿಸಿದರೆ 10,000 ಕ್ಯಾಂಡೆಲಾ. ಅದರ ವರ್ಗಮೂಲ 100, ಅದರ ಎರಡರಷ್ಟು 200 ಮೀಟರ್. ಇಷ್ಟೇ ಲೆಕ್ಕ. ಆದರೆ ನನ್ನ ಕೆಲಸದಲ್ಲಿ ದೂರ ಬೇಕಾಗುವುದು ಕಮ್ಮಿ, ಕಾರ್ ಟಾಪ್, ಅಂದರೆ ಲಿಫ್ಟ್ ಡಬ್ಬಿಯ ನೆತ್ತಿ ಮೇಲೆ ನಿಂತು ಶಾಫ್ಟಿನ ತುದಿ ನೋಡುವಾಗ ಮಾತ್ರ.

ನನಗೆ ಮುಖ್ಯ ಆಗುವುದು ಬೆಳಕು ಎಷ್ಟು ಹೊತ್ತು ನಿಲ್ಲುತ್ತದೆ ಅನ್ನೋದು. ಸಣ್ಣ ಟಾರ್ಚಿಗೆ ಬಿಸಿ ಹೊರಗೆ ಹಾಕಲು ಜಾಗವೇ ಇಲ್ಲ. ಹಾಗಾಗಿ ಟರ್ಬೋ ಮೋಡಿನಲ್ಲಿ, ಅಂದರೆ ಎಲ್ಲಕ್ಕಿಂತ ಜೋರು ಬೆಳಕಿನಲ್ಲಿ, ಒಂದೆರಡು ನಿಮಿಷ ಉರಿದು ತಾನಾಗೇ ಬೆಳಕು ಇಳಿಸಿಕೊಳ್ಳುತ್ತದೆ. ಇದು ದೋಷ ಅಲ್ಲ, ಹಾಗೆ ಇಳಿಸದಿದ್ದರೆ ಎಲ್‌ಇಡಿ ಮತ್ತು ಸೆಲ್ ಹಾಳಾಗುತ್ತವೆ. ಇಳಿದು ಎಲ್ಲಿ ನಿಲ್ಲುತ್ತದೆ ಅನ್ನೋದೇ ಪ್ರಶ್ನೆ. ಇದಕ್ಕೆ ಮನೆಯ ಬಾತ್‌ರೂಮೇ ಸಾಕು. ಲೈಟ್ ಆರಿಸಿ, ಬಾಗಿಲು ಹಾಕಿ, ಟಾರ್ಚನ್ನು ಬಿಳಿ ಸೀಲಿಂಗ್ ಕಡೆ ಮುಖ ಮಾಡಿ ನೆಲದ ಮೇಲೆ ನಿಲ್ಲಿಸಿ. ಲಕ್ಸ್ ಆ್ಯಪ್ ಹಾಕಿದ ಫೋನನ್ನು ಸ್ವಲ್ಪ ದೂರದಲ್ಲಿ ಅಲುಗದ ಹಾಗೆ ಇಡಿ. 30 ಸೆಕೆಂಡಿಗೆ ಒಂದು ಸಲ, ಆಮೇಲೆ 5 ನಿಮಿಷಕ್ಕೊಂದು ಸಲ ನಂಬರ್ ಬರೆದುಕೊಳ್ಳಿ. ಫೋನ್ ತೋರಿಸೋ ಲಕ್ಸ್ ಕರಾರುವಾಕ್ಕು ಇರಲಿಕ್ಕಿಲ್ಲ, ಆದರೆ ಅದೇ ಫೋನು, ಅದೇ ಜಾಗ ಆದರೆ ಎರಡು ಟಾರ್ಚುಗಳನ್ನು ಹೋಲಿಸಲು ಧಾರಾಳ ಸಾಕು. ಭಾರೀ ಲ್ಯೂಮೆನ್ ಹೇಳಿಕೊಂಡ ಟಾರ್ಚು ಕಾಲು ಗಂಟೆ ಆದಮೇಲೆ ಅದರ ಅರ್ಧ ನಂಬರಿನ ಟಾರ್ಚಿಗಿಂತ ಮಂದ ಆಗಿದ್ದನ್ನು ನಾನು ನೋಡಿದ್ದೇನೆ.

ಇನ್ನು ಬಣ್ಣ. ಇದನ್ನು ಯಾರೂ ಕೇಳುವುದೇ ಇಲ್ಲ, ನನಗೆ ಮಾತ್ರ ಇದೇ ಎಲ್ಲಕ್ಕಿಂತ ದೊಡ್ಡ ವಿಷಯ. ಬಿಳಿ ಎಲ್‌ಇಡಿ ಅಂದರೆ ಸಾಮಾನ್ಯವಾಗಿ ನೀಲಿ ಎಲ್‌ಇಡಿ ಮೇಲೆ ಹಳದಿ ಫಾಸ್ಫರ್ ಲೇಪ. ಅಗ್ಗದ ಟಾರ್ಚಿನಲ್ಲಿ ನೀಲಿ ಜಾಸ್ತಿ, ಕೆಂಪು ಕಮ್ಮಿ. ಕಣ್ಣಿಗೆ ಚುಚ್ಚುವಷ್ಟು ಬೆಳ್ಳಗಿರುತ್ತದೆ, ಆದರೆ ಕಂಟ್ರೋಲ್ ಪ್ಯಾನೆಲ್ ಬಾಗಿಲು ತೆಗೆದು ನೋಡಿ, ಕೆಂಪು, ಕಂದು, ಕಿತ್ತಳೆ ವೈರುಗಳು ಹೆಚ್ಚುಕಡಿಮೆ ಒಂದೇ ತರ ಕಾಣುತ್ತವೆ. ಬಣ್ಣ ನೋಡಿ ವೈರ್ ಹಿಡಿಯುವವರಿಗೆ ಅದು ಸುಮ್ನೆ ಬಿಡುವ ವಿಷಯ ಅಲ್ಲ, ಅಲ್ವಾ?

ಲಿಫ್ಟಿನ ಉಕ್ಕಿನ ರೋಪ್ ತಗೊಳ್ಳಿ. ಒಳಗಿನ ಎಣ್ಣೆ ಒಣಗಿದರೆ ಎಳೆಗಳು ಒಂದಕ್ಕೊಂದು ಉಜ್ಜಿ ಎಳೆಗಳ ಸಂದಿಯಲ್ಲಿ ಕೆಂಪು ಪುಡಿ ಬರುತ್ತದೆ, ಕುಂಕುಮ ಹಳೇದಾದ ಹಾಗೆ. ಅದು ಕಂಡರೆ ಆ ರೋಪನ್ನು ಇಂಚಿಂಚು ನೋಡಬೇಕು. ನೀಲಿ ಬೆಳಕಲ್ಲಿ ಅದೇ ಪುಡಿ ಮಾಮೂಲಿ ಗ್ರೀಸ್ ಕೊಳೆಯ ಹಾಗೆ ಕಪ್ಪಗೆ ಕಾಣುತ್ತದೆ. ಸಿಆರ್‌ಐ (ಬಣ್ಣ ಎಷ್ಟು ಸಹಜವಾಗಿ ತೋರಿಸುತ್ತದೆ ಅನ್ನೋ ಅಂಕ) 90ಕ್ಕಿಂತ ಮೇಲೆ, ಬೆಳಕಿನ ಬಣ್ಣ 4000ರಿಂದ 5000 ಕೆಲ್ವಿನ್ (ತೀರಾ ಹಳದಿಯೂ ಅಲ್ಲ, ನೀಲಿಯೂ ಅಲ್ಲದ ಬಿಳಿ) ಇರುವ ಟಾರ್ಚಿನಲ್ಲಿ ಆ ಕೆಂಪು ಕಣ್ಣಿಗೆ ಹೊಡೆಯುತ್ತದೆ. ಅಂಥ ಎಲ್‌ಇಡಿಯಲ್ಲಿ ಲ್ಯೂಮೆನ್ ಸ್ವಲ್ಪ ಕಮ್ಮಿ ಬರುತ್ತದೆ, ಬರಲಿ. ತುಂಡಾದ ಎಳೆ ಹುಡುಕುವಾಗ ಲಿಫ್ಟ್ ನಿಲ್ಲಿಸಿ, ಪವರ್ ಆಫ್ ಮಾಡಿ, ರೋಪಿಗೆ ನೇರ ಹಿಡಿಯದೆ ಪಕ್ಕದಿಂದ ಓರೆಯಾಗಿ ಬೆಳಕು ಬಿಡಿ. ಎದ್ದ ತುದಿಯ ನೆರಳು ತಾನಾಗೇ ಕಾಣುತ್ತದೆ. ಇದಕ್ಕೆ ಜೋರು ಬೆಳಕು ಬೇಡ, ಜೋರಾದರೆ ಉಕ್ಕು ಹೊಳೆದು ಏನೂ ಕಾಣುವುದಿಲ್ಲ. ಹಾಗಾಗಿ ಟಾರ್ಚಿನ ಲೋ ಮೋಡ್ ನಿಜವಾಗಿ ಮಂದ ಇದೆಯಾ ಅಂತಲೂ ನೋಡುತ್ತೇನೆ.

ಆ ಲೋ ಮೋಡಿನಲ್ಲೇ ಫೋನ್ ಕ್ಯಾಮೆರಾದಲ್ಲಿ ಬೆಳಕನ್ನು ನೋಡಿ. ಕಪ್ಪು ಪಟ್ಟೆಗಳು ಓಡಿದರೆ ಟಾರ್ಚ್ ಕಣ್ಣಿಗೆ ಗೊತ್ತಾಗದಷ್ಟು ವೇಗವಾಗಿ ಆರಿ ಹತ್ತುತ್ತಿದೆ ಅಂತ. ಮಷೀನ್ ರೂಮಿನಲ್ಲಿ ಇದು ಅಪಾಯ. ತಿರುಗುತ್ತಿರುವ ಚಕ್ರ ನಿಧಾನವಾದ ಹಾಗೆ, ಕೆಲವೊಮ್ಮೆ ನಿಂತೇ ಬಿಟ್ಟ ಹಾಗೆ ಕಾಣಬಹುದು.

ಸೆಲ್ ವಿಷಯಕ್ಕೆ ಬಂದರೆ, ಜಾಸ್ತಿ ಬಳಕೆಯಲ್ಲಿರುವುದು 18650. ಅಂದರೆ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಈ ಅಳತೆಯಲ್ಲಿ ನಂಬುವಂಥ ಸಾಮರ್ಥ್ಯ ಸಾಮಾನ್ಯವಾಗಿ ಸುಮಾರು 3500 ಎಂಎಎಚ್‌ವರೆಗೆ. 9900 ಅಂತ ಬರೆದಿದ್ದರೆ ಸುಳ್ಳು, ವಾಪಸ್ ಇಟ್ಟು ಬನ್ನಿ. ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರೋಡಿಗೆ ಸೆಲ್ ತರಲು ಹೋಗುವಾಗ ನಾನು ಸಣ್ಣ ತಕ್ಕಡಿ ಒಯ್ಯುತ್ತೇನೆ. ಒಳ್ಳೆ 18650 ಸುಮಾರು 45ರಿಂದ 50 ಗ್ರಾಂ ತೂಗುತ್ತದೆ. ತೀರಾ ಹಗುರ ಇದ್ದರೆ ಮುಟ್ಟುವುದಿಲ್ಲ.

ಮಳೆಗಾಲದಲ್ಲಿ ಬೇಸ್‌ಮೆಂಟಿಗೆ ನೀರು ನುಗ್ಗಿದರೆ ಮೊದಲು ತುಂಬುವುದು ಲಿಫ್ಟ್ ಪಿಟ್. ಪವರ್ ತೆಗೆದು, ನೀರು ಪಂಪ್ ಮಾಡಿಸಿ, ಆಮೇಲೇ ಇಳಿಯುವುದು. ಆದರೂ ಟಾರ್ಚ್ ನೀರಿಗೆ ಬೀಳುವುದು ಇದ್ದದ್ದೇ. ನೀರು ಎಷ್ಟು ತಡೆಯುತ್ತದೆ ಅನ್ನೋದಕ್ಕೆ ಐಪಿಎಕ್ಸ್ ನಂಬರ್ ನೋಡಿ. ಐಪಿಎಕ್ಸ್4 ಅಂದರೆ ಬರೀ ಎರಚಲು ತಡೆಯುತ್ತದೆ. ಐಪಿಎಕ್ಸ್7 ಅಂದರೆ 1 ಮೀಟರ್ ಆಳದಲ್ಲಿ 30 ನಿಮಿಷ. ನನಗೆ 7ಕ್ಕಿಂತ ಕೆಳಗೆ ಬೇಡ. ತಿರುಪಿನ ಹತ್ತಿರ ಇರುವ ರಬ್ಬರ್ ರಿಂಗಿಗೆ ಆಗಾಗ ಸಿಲಿಕೋನ್ ಗ್ರೀಸ್ ಹಚ್ಚುತ್ತೇನೆ. ಹಿಂದೆ ಮ್ಯಾಗ್ನೆಟ್ ಇದ್ದರೆ ಗೈಡ್ ರೈಲಿಗೆ (ಲಿಫ್ಟ್ ಓಡುವ ಉಕ್ಕಿನ ಹಳಿ) ಅಂಟಿಸಿ ಎರಡೂ ಕೈಯಲ್ಲಿ ಕೆಲಸ ಮಾಡಬಹುದು, ಆದರೆ ಕೈದಾರ ಕಟ್ಟದೆ ಶಾಫ್ಟ್ ಒಳಗೆ ಒಯ್ಯಬೇಡಿ, ಕೆಳಗೆ ಮನುಷ್ಯರಿರುತ್ತಾರೆ. ಬಟನ್ ಲಾಕ್ ಆಗುತ್ತಾ ಅಂತಲೂ ನೋಡಿ, ಜೇಬಿನಲ್ಲಿ ತಾನಾಗೇ ಟರ್ಬೋ ಹತ್ತಿದರೆ ಬಟ್ಟೆ ಸುಡುತ್ತದೆ.

ಇಷ್ಟೂ ಪರೀಕ್ಷೆಯನ್ನು ಟಾರ್ಚ್ ತಂದ ವಾರದಲ್ಲೇ ಮುಗಿಸಿ. ಬದಲಾಯಿಸಿಕೊಡುವ ಗಡುವು ಕಮ್ಮಿ ಇರುತ್ತದೆ. ಬಿಲ್ ಮತ್ತು ಡಬ್ಬ ಎರಡೂ ಇಟ್ಟುಕೊಂಡಿರಿ.